ಕಂಟ್ರೋಲ್ ರೂಮಿಗೆ ಮುಟ್ಟದ ಕರೆ

೧೯೯೧ರ ಫೆಬ್ರವರಿ ಹದಿನೆಂಟು, ಸೋಮವಾರ. ಬೆಳಗ್ಗೆ ಹತ್ತರ ಹೊತ್ತಿಗೆ ಮುಂಬಯಿಯ ವಿಕ್ರೋಳಿ ಪೊಲೀಸ್ ಠಾಣೆಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಬಂದು ಕೂತಳು. ಒಳಗೆ ಬಾ ಎಂದರೆ ಬರಲಿಲ್ಲ. ‘ಕನ್ನಡ ಮಾತಾಡೋ ಸಾಹೇಬರು ಬರಲಿ’ ಎಂದಷ್ಟೇ ಹೇಳಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಕನ್ನಡ ಮಾತಾಡುವ ಸಾಹೇಬರೆಂದರೆ ಇನ್ಸ್‌ಪೆಕ್ಟರ್ ಸತ್ಯಮೂರ್ತಿ. ಮೈಸೂರು ಕಡೆಯ ಮನೆತನ, ಹುಟ್ಟಿ ಬೆಳೆದದ್ದೆಲ್ಲ ಮುಂಬಯಿ. ಅವರು ಜೀಪಿನಿಂದ ಇಳಿಯುತ್ತಿದ್ದಂತೆಯೇ ಹವಾಲ್ದಾರ ಸಂಗಪ್ಪ ಎದುರು ಬಂದ.

“ಸಾಹೇಬ್ರ, ಈಕಿ ಜೈತುನಬಿ ಅಂತ. ಶನಿವಾರ ಬಣ್ಣ ಮಾಡೋ ಡೈ ಕಾರ್ಖಾನ್ಯಾಗ ಟ್ಯಾಂಕ್ ತೊಳ್ಯಾಕ ಇಳಿದು ಸತ್ತನಲ್ಲ ಶರೀಫ, ಅವನ ಹೆಂಡ್ತಿ. ಆಕಸ್ಮಿಕ ಸಾವು ಅಂತ ನಾವು ಬರಕೊಂಡೇವಿ.”

ಸತ್ಯಮೂರ್ತಿ ಅವಳನ್ನು ಒಳಗೆ ಕರೆದು ಕೂರಿಸಿದರು. ವಿಜಾಪುರದ ಕಡೆಯವಳು, ವಯಸ್ಸು ಮೂವತ್ತೈದರ ಆಚೀಚೆ. ಕಣ್ಣು ಒಣಗಿತ್ತು. ಚಹಾ ಕೊಟ್ಟರೆ ಮುಟ್ಟಲಿಲ್ಲ.

“ಏನಮ್ಮ ನಿನ್ನ ದೂರು?”

“ಕಂಪನಿಯವ್ರು ಹಣೆಬರಹ ಅಂತಾರ ಸಾಬ್. ನಮ್ಮವ್ರ ಹಣ್ಯಾಗ ಬರದಿದ್ದು ಅಲ್ಲಾ ನೋಡ್ಕೋತಾನ. ಟ್ಯಾಂಕಿನ ಬಾಯಾಗ ಅವ್ರ ಜೋಡಿ ಕೆಲಸದ ಬಾಷಾ ನಿಂತಿದ್ದ. ಅವನ ಕೈಯಾಗ ವಾಯರ್‌ಲೆಸ್ ಇತ್ತು. ಒಳಗ ಮನಷಾ ಬಿದ್ರ ಕೂಗ್ಲಿ ಅಂತನ ಕೊಟ್ಟಿದ್ದು. ಬಾಷಾ ಗಂಟಲ ಹರ್ಕೊಂಡು ಕೂಗ್ಯಾನ. ಯಾರಿಗೂ ಕೇಳಿಲ್ಲ. ಅದ್ಯಾಕ ಕೇಳಲಿಲ್ಲ?”

“ಕೆಟ್ಟಿರಬಹುದು.”

“ಮುಂಜಾನಿ ಚಲೋ ಇತ್ತಂತ. ಮಧ್ಯಾಹ್ನದಾಗ ಹೆಂಗ ಕೆಡ್ತು?”

ಸತ್ಯಮೂರ್ತಿ ಪೆನ್ನಿನ ಕ್ಯಾಪು ತೆಗೆದರು. ಮರಣೋತ್ತರ ವರದಿಯಲ್ಲಿ ದ್ರಾವಕದ ಹೊಗೆ ಕುಡಿದು ಉಸಿರು ಕಟ್ಟಿ ಸಾವು ಎಂದಿತ್ತು. ಅದರಡಿಯಲ್ಲಿ ವೈದ್ಯಾಧಿಕಾರಿ ಕೇಳದೆಯೇ ಒಂದು ಸಾಲು ಸೇರಿಸಿದ್ದರು: ಬೇಗ ಹೊರಗೆ ತೆಗೆದಿದ್ದರೆ ಬದುಕುವ ಸಾಧ್ಯತೆ ಇತ್ತು. ಆ ಸಾಲನ್ನು ಅಲ್ಲಿಯವರೆಗೆ ಯಾರೂ ಓದಿರಲಿಲ್ಲ. ಸತ್ಯಮೂರ್ತಿ ಎರಡು ಸಲ ಓದಿದರು. ಹನ್ನೊಂದೂವರೆಗೆ ನಿರ್ಲಕ್ಷ್ಯದಿಂದ ಸಾವು ಎಂಬ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿನ ಜಾಗದಲ್ಲಿ ‘ಅಜ್ಞಾತ’ ಎಂದು ಬರೆಯಲಾಯಿತು.

ಶುಭಲತಾ ಡೈಕೆಮ್ ಕಾರ್ಖಾನೆ ಖಾಡಿಯ ಹಿನ್ನೀರಿನ ಕಡೆಗೆ ಬೆನ್ನು ಹಾಕಿ ನಿಂತಿತ್ತು. ಮುಂದೆ ಮೂರು ಅಂತಸ್ತಿನ ಆಫೀಸು, ಹಿಂದೆ ಸಾಲು ಗೋದಾಮು, ಅವುಗಳಾಚೆ ಟ್ಯಾಂಕ್ ಯಾರ್ಡು. ಫ್ಯಾಕ್ಟರಿ ಮ್ಯಾನೇಜರ್ ಹಿರಿಯಣ್ಣ ಬಾಗಿಲಲ್ಲೇ ಕಾದಿದ್ದರು. ಬೆಂಗಳೂರಿನವರು, ಇಸ್ತ್ರಿಯ ಮಡಿಕೆ ಮುರಿಯದ ಸಫಾರಿ.

“ಕರೆಂಟ್ ಏರುಪೇರಾಯ್ತು ಸಾರ್. ವೈರ್‌ಲೆಸ್ ಸಿಸ್ಟಮ್ ಸುಟ್ಟುಹೋಗಿರಬೇಕು. ಇನ್ನೂ ಡೆಡ್ ಆಗೇ ಇದೆ. ನಮ್ಮ ದುರದೃಷ್ಟ.”

“ಯಾರಾದ್ರೂ ಬಿಚ್ಚಿ ನೋಡಿದಾರಾ?”

“ಇಲ್ಲ. ಟೆಕ್ನಿಷಿಯನ್‌ನ ಕರೀಬೇಕು.”

“ಕರೀಬೇಡಿ. ವೈರ್‌ಲೆಸ್ ಪೆಟ್ಟಿಗೆ ಎಲ್ಲಿದೆ?”

ಆಫೀಸಿನ ತಾರಸಿಯ ಮೇಲೆ ಒಂದು ಪುಟ್ಟ ಕೋಣೆ. ಬೀಗದ ಕೈ ಕೆಳಗಿನ ಕಂಟ್ರೋಲ್ ರೂಮಿನ ಮೊಳೆಗೆ ನೇತುಬಿದ್ದಿರುತ್ತದೆ. ಸತ್ಯಮೂರ್ತಿ ಇಬ್ಬರು ಪಂಚರ ಎದುರು ಕೋಣೆಗೆ ಮೊಹರು ಹಾಕಿಸಿ ಯಾರ್ಡಿಗೆ ನಡೆದರು.

ಬಾಷಾ ಟ್ಯಾಂಕಿನ ಏಣಿಯ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ. ಎದ್ದು ನಿಂತ, ಆದರೆ ಟ್ಯಾಂಕಿನ ಕಡೆ ನೋಡಲಿಲ್ಲ.

“ಎಷ್ಟೊತ್ತಿಗೆ ಬಿದ್ದ?”

“ಮೂರರ ಸುಮಾರಿಗ್ರಿ. ಕೆರೆಯೋ ಸಪ್ಪಳ ನಿಂತಿತು. ಬಗ್ಗಿ ನೋಡಿದೆ, ಬೋರಲು ಬಿದ್ದಿದ್ದ. ಬಟನ್ ಒತ್ತಿ ಕೂಗಿದೆ. ಒತ್ತಿ ಒತ್ತಿ ಕೂಗಿದೆ. ಜವಾಬೇ ಇಲ್ಲ.”

“ಗೇಟಿಗೆ ಯಾಕೆ ಓಡಲಿಲ್ಲ?”

“ಬಿಟ್ಟು ಹೋಗಾಕ ಮನಸ್ ಬರಲಿಲ್ರಿ. ನಾನ ಅರ್ಧಾ ಇಳಿದೆ. ತಲಿ ತಿರುಗಿತು, ಹತ್ತಿ ಬಂದೆ. ಮತ್ತ ಕೂಗಿದೆ. ಆಮ್ಯಾಲ ಗೇಟಿಗೆ ಓಡಿದೆ, ಅಲ್ಲಿಯವ್ರು ಗಂಟಿ ಹೊಡದ್ರು.” ಅವನು ಅಂಗೈಯಿಂದ ಬಾಯೊರೆಸಿಕೊಂಡ. “ದಿನಾ ನಾವು ಸುಮ್ಕಿದ್ರ ಕಂಟ್ರೋಲ್ ಮೇಡಮ್ಮೇ ಕೇಳ್ತಿದ್ರು, ಟ್ಯಾಂಕ್ ಯಾರ್ಡ್ ಸಬ್ ಠೀಕ್ ಹೈ ಕ್ಯಾ ಅಂತ. ಅವತ್ತ ಅವರೂ ಕೇಳಲಿಲ್ಲ.”

ಕಂಟ್ರೋಲ್ ರೂಮಿನ ಹಗಲು ಪಾಳಿಯ ಆಪರೇಟರ್ ರಮಾಮಣಿ. ಬೊರಿವಲಿಯಿಂದ ದಿನಾ ಲೋಕಲ್ಲು, ಆಮೇಲೆ ಬಸ್ಸು ಹಿಡಿದು ಬರುವವಳು. ತೂಕದ ಮಾತು, ಸ್ಪಷ್ಟ ದನಿ. ಅಂಥ ದನಿಯಿಂದಲೇ ಅವಳಿಗೆ ಆ ಕೆಲಸ ಸಿಕ್ಕಿತ್ತು.

“ಶನಿವಾರ ಮಧ್ಯಾಹ್ನ ಎರಡರಿಂದ ಒಂದೂ ಕರೆ ಬರಲಿಲ್ಲವಂತೆ. ಅನುಮಾನ ಬರಲಿಲ್ವಾ?”

“ಶನಿವಾರ ಅರ್ಧ ಜನಾನೇ ಇರ್ತಾರೆ ಸರ್.”

“ಟೆಕ್ನಿಷಿಯನ್‌ಗೆ ಫೋನ್ ಮಾಡಿದ್ರಾ?”

“ಇಲ್ಲ ಸರ್.”

ಅವಳು ಕಣ್ಣೆತ್ತಲಿಲ್ಲ; ಕರೆಗಳನ್ನು ಬರೆದಿಡುವ ಪುಸ್ತಕದ ಮೇಲೆ ಎರಡು ಬಣ್ಣದ ಪೆನ್ಸಿಲ್ಲನ್ನು ಉರುಳಿಸುತ್ತಿದ್ದಳು. ಸಾವಾದ ಜಾಗದ ಮಂದಿಯೆಲ್ಲ ಹಾಗೇ ಇರುತ್ತಾರೆ ಎಂದುಕೊಂಡು ಸತ್ಯಮೂರ್ತಿ ಹೊರಟರು.

ಅನುಮಾನ ಮೊದಲು ಹೋದದ್ದು ತಿರುಮಲೇಶನ ಮೇಲೆ. ಕಾರ್ಖಾನೆಯ ವೈರ್‌ಲೆಸ್ ನೋಡಿಕೊಳ್ಳುತ್ತಿದ್ದ ಟೆಕ್ನಿಷಿಯನ್. ಮುಂದಿನ ವರ್ಷದ ಕೆಲಸ ಬೇರೆಯವರಿಗೆ ಎಂದು ಹಿರಿಯಣ್ಣ ಹೇಳಿದ್ದಕ್ಕೆ ಅವನು ಆಫೀಸಿನಲ್ಲೇ ಕೂಗಾಡಿ ಹೋಗಿದ್ದ. ಸಂಜೆ ಸಂಗಪ್ಪ ಅವನನ್ನು ಕರೆತಂದ.

“ಶನಿವಾರ ಎಲ್ಲಿದ್ದೆ?”

“ಬಾಂದ್ರಾದಲ್ಲಿ ಸಾರ್. ಒಂದು ಹೋಟೆಲಿನ ಸೆಟ್ ರಿಪೇರಿ. ಬೆಳಗ್ಗೆಯಿಂದ ಕತ್ತಲಾಗೋವರೆಗೂ. ಕೇಳಿ ನೋಡಿ.”

ಅವನನ್ನು ಠಾಣೆಯಲ್ಲೇ ಕೂರಿಸಿ ಸಂಗಪ್ಪ ಬಾಂದ್ರಾಕ್ಕೆ ಹೋಗಿ ಕೇಳಿಬಂದ. ಹೋಟೆಲಿನ ಮ್ಯಾನೇಜರೂ, ಲಿಫ್ಟಿನವನೂ, ಅಡುಗೆಮನೆಯವರೂ ಒಂದೇ ಮಾತು ಹೇಳಿದ್ದರು. ತಿರುಮಲೇಶ ಅಲ್ಲಿಂದ ಕದಲಿರಲಿಲ್ಲ.

“ಸರಿ. ಆ ಪೆಟ್ಟಿಗೆ ಹೇಗೆ ಕೆಲಸ ಮಾಡುತ್ತೆ, ಹೇಳು. ನನಗೆ ಅರ್ಥವಾಗೋ ಹಾಗೆ.”

“ಕೈಯಲ್ಲಿರೋ ಸೆಟ್ಟಿಗೆ ಶಕ್ತಿ ಕಡಿಮೆ ಸಾರ್. ಯಾರ್ಡಿಂದ ಗೋದಾಮು ದಾಟಿ ಮಾತು ಬರಲ್ಲ. ತಾರಸಿ ಮೇಲಿರೋ ರಿಪೀಟರ್ ಅದನ್ನ ಹಿಡಿದು ಜೋರಾಗಿ ಆಚೆಗೆ ಹೇಳುತ್ತೆ. ಆದ್ರೆ ಯಾರ್‌ಯಾರೋ ನುಗ್ಗಬಾರದಲ್ಲ? ಅದಕ್ಕೇ ಒಂದು ಗುಟ್ಟಿನ ಸದ್ದು ಇಟ್ಟಿರ್ತೀವಿ, ಟೋನ್ ಅಂತ. ಸೆಟ್ಟು ಆ ಟೋನ್ ಹಾಕಿದ್ರೇ ರಿಪೀಟರ್ ಬಾಗಿಲು ತೆಗೆಯೋದು. ಒಳಗೆ ಎರಡು ಸಾಲು ಸಣ್ಣ ಸ್ವಿಚ್ಚು. ಒಂದು ಸಾಲು ಕೇಳೋದಕ್ಕೆ, ಇನ್ನೊಂದು ಹೇಳೋದಕ್ಕೆ. ಯಾವ ಸಾಲು ತಪ್ಪಾದ್ರೂ ಎಲ್ಲಾ ಸೆಟ್ಟೂ ಮೂಕ.”

“ಸ್ವಿಚ್ಚು ಇರೋದು ನಿನಗೆ ಬಿಟ್ಟು ಯಾರಿಗೆ ಗೊತ್ತು?”

ತಿರುಮಲೇಶ ತಡೆದು ಹೇಳಿದ. “ರಮಾಮಣಿ ಮೇಡಂಗೆ ತೋರಿಸಿದ್ದೆ ಸಾರ್. ಮಳೆಗಾಲದಲ್ಲಿ ಪೆಟ್ಟಿಗೆ ಕೈಕೊಟ್ರೆ ನಾನು ಬಂದು ಮುಟ್ಟೋದ್ರಲ್ಲಿ ಅರ್ಧ ದಿನ ಆಗೋದು. ಫೋನಲ್ಲಿ ಹೇಳಿದ್ರೆ ಅವರೇ ಮುಚ್ಚಳ ತೆಗೆದು ನೋಡೋರು. ಬುದ್ಧಿವಂತ ಹೆಂಗಸು ಸಾರ್. ಅವರು ಯಾಕೆ ಕೆಡಿಸ್ತಾರೆ?”

ಬುಧವಾರ ಬೆಳಗ್ಗೆ ಪೊಲೀಸ್ ವೈರ್‌ಲೆಸ್ ವಿಭಾಗದಿಂದ ಪಂಕಜಾ ಎಂಬ ಎಂಜಿನಿಯರ್ ಬಂದರು. ಮೊಹರು ಒಡೆದು ಪಂಚರ ಎದುರು ಪಂಚನಾಮೆ ಶುರುವಾಯಿತು. ಪಂಕಜಾ ಪೆಟ್ಟಿಗೆಯನ್ನು ಕೂಡಲೇ ಬಿಚ್ಚಲಿಲ್ಲ. ತಮ್ಮ ಪರೀಕ್ಷೆಯ ಸೆಟ್ಟನ್ನು ಹಿಡಿದು ಒಂದೊಂದೇ ಟೋನ್ ಹಾಕುತ್ತ ಹೋದರು. ಕಾರ್ಖಾನೆಯ ಹಳೆಯ ಟೋನಿಗೆ ಬಂದಾಗ ಪೆಟ್ಟಿಗೆಯ ಹಸಿರು ದೀಪ ಹತ್ತಿತು. ಆದರೆ ಹವಾಲ್ದಾರನ ಕೈಯಲ್ಲಿದ್ದ ಕಾರ್ಖಾನೆಯ ಸೆಟ್ಟು ಉಸಿರೆತ್ತಲಿಲ್ಲ.

“ಸುಟ್ಟಿಲ್ಲ ಸರ್, ಚೆನ್ನಾಗೇ ಇದೆ. ಕೇಳ್ತಾ ಇದೆ, ಹೇಳ್ತಾ ಇಲ್ಲ.” ಪಂಕಜಾ ಸ್ಕ್ರೂ ತೆಗೆದು ಮುಚ್ಚಳ ಎತ್ತಿದರು. ಟಾರ್ಚ್ ಬಿಟ್ಟು ಬಹಳ ಹೊತ್ತು ಬಗ್ಗಿಯೇ ಇದ್ದರು. “ಇಲ್ಲಿ ಬನ್ನಿ. ಸ್ವಿಚ್ಚಿನ ಮೇಲೆ ಬಣ್ಣ ನೋಡಿ.”

ಬಿಳಿಯ ಪುಟ್ಟ ಸ್ವಿಚ್ಚುಗಳು. ಎರಡೂ ಸಾಲಿನಲ್ಲಿ ನೀಲಿಯ ಗೀಚು. ಅದರ ಮೇಲೆ ಕೆಂಪು ಗೀಚು.

“ಬೆರಳು ಹೋಗದ ಜಾಗ. ಪೆನ್ಸಿಲ್ ಮೊನೆಯಿಂದ ತಳ್ಳಿದಾರೆ. ಮೊದಲು ನೀಲಿ, ಅದು ಕೆಡಿಸಿದ್ದು. ಆಮೇಲೆ ಕೆಂಪು.”

“ಕೆಂಪು ಯಾಕೆ?”

“ವಾಪಸ್ ಸರಿಮಾಡೋಕೆ. ಕೇಳೋ ಸಾಲು ಪೂರ್ತಿ ಸರಿಯಾಗಿದೆ. ಹೇಳೋ ಸಾಲು ತಪ್ಪಿದೆ. ಮೂರು ನಾಲ್ಕು ಸಲ ಹಿಂದೆ ಮುಂದೆ ತಳ್ಳಿದಾರೆ. ನೆನಪಾಗಿಲ್ಲ.” ಪಂಕಜಾ ಟಾರ್ಚ್ ಆರಿಸಿದರು. “ಕೆಡಿಸಿದವರೇ ಸರಿಮಾಡೋಕೆ ಒದ್ದಾಡಿದಾರೆ ಸರ್.”

ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಇರುವ ಪೆನ್ಸಿಲ್ಲನ್ನು ಸತ್ಯಮೂರ್ತಿ ಸೋಮವಾರವೇ ನೋಡಿದ್ದರು. ಕಂಟ್ರೋಲ್ ರೂಮಿನ ಪುಸ್ತಕದಲ್ಲಿ ಬಂದ ಕರೆಗೆ ನೀಲಿ, ಹೋದ ಕರೆಗೆ ಕೆಂಪು. ಅವರು ಏನೂ ಹೇಳದೆ ಸ್ವಿಚ್ಚುಗಳ ಫೋಟೊ ತೆಗೆಸಿದರು. ಆಮೇಲೆ ತಿರುಮಲೇಶ ಹೇಳಿದ ಹಳೆಯ ಕ್ರಮದಂತೆ ಪಂಕಜಾ ಎರಡನೆಯ ಸಾಲನ್ನು ಕೂರಿಸಿದರು. ಸಂಗಪ್ಪನ ಕೈಯ ಸೆಟ್ಟು ಕರಕರ ಎಂದಿತು.

“ಸಂಗಪ್ಪ, ಬಾಷಾನನ್ನ ಅದೇ ಟ್ಯಾಂಕಿನ ಹತ್ತಿರ ನಿಲ್ಲಿಸು. ಅವತ್ತಿನ ಸೆಟ್ಟೇ ಕೊಡು. ಟೆಸ್ಟಿಂಗ್ ಅಂತ ಹೇಳಲಿ, ಸಾಕು.”

ಸತ್ಯಮೂರ್ತಿ ಕಂಟ್ರೋಲ್ ರೂಮಿಗೆ ಇಳಿದು ಬಂದು ಬಾಗಿಲ ಬಳಿ ನಿಂತರು. ರಮಾಮಣಿ ಮೇಜಿನ ಮುಂದೆ ಕೂತಿದ್ದಳು. ಒಂದೆರಡು ನಿಮಿಷ ಕಳೆಯಿತು. ಗೋಡೆಯ ಸ್ಪೀಕರು ಜೀವ ಬಂದಂತೆ ಗುರುಗುಟ್ಟಿತು.

ಬಾಷಾ ಟೆಸ್ಟಿಂಗ್ ಎನ್ನಲಿಲ್ಲ. ಅದೇ ಏಣಿ, ಅದೇ ಟ್ಯಾಂಕು, ಅದೇ ಸೆಟ್ಟು. ಬಟನ್ ಒತ್ತಿದೊಡನೆ ಅವನ ಬಾಯಿಂದ ಬಂದದ್ದು ಶನಿವಾರದ ಮಾತೇ.

“ಕಂಟ್ರೋಲ್, ಕಂಟ್ರೋಲ್... ಟ್ಯಾಂಕ್ ಯಾರ್ಡ್... ಆದ್ಮಿ ಗಿರ್ ಗಯಾ ಮೇಡಂ, ಜಲ್ದಿ... ಮೇಡಂ, ಆವಾಜ್ ದೋ...”

ಆಳು ಬಿದ್ದಿದ್ದಾನೆ, ಉತ್ತರ ಕೊಡಿ ಎಂಬ ಆ ದನಿ ಕೋಣೆಯ ತುಂಬ ನಿಂತಿತು. ಉತ್ತರ ಕೊಡಲು ರಮಾಮಣಿಯ ಕೈ ಮೈಕಿನ ಕಡೆ ಹೋಯಿತು, ನಡುವೆಯೇ ನಿಂತುಹೋಯಿತು. ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಮೇಜಿನ ಮೇಲೆ ತಲೆಯಿಟ್ಟಳು.

ಸತ್ಯಮೂರ್ತಿ ಅಲ್ಲಿ ಪ್ರಶ್ನೆ ಕೇಳಲಿಲ್ಲ. ಪೆನ್ಸಿಲ್ಲನ್ನು ಪಂಚರ ಎದುರು ಜಪ್ತಿ ಮಾಡಿದರು. ಮೆಟ್ಟಿಲು ಗುಡಿಸುವ ರುಕ್ಮಿಣಿಬಾಯಿಯನ್ನು ವಿಚಾರಿಸಿದರು. ಮೇಡಂ ಶನಿವಾರ ಎರಡು ಸಲ ತಾರಸಿಗೆ ಹೋಗಿದ್ದರೆಂದು ಅವಳು ಮರಾಠಿಯಲ್ಲಿ ಹೇಳಿದಳು. ಮೊದಲ ಸಲ ಊಟವಾದ ಮೇಲೆ ನಿಧಾನವಾಗಿ, ಎರಡನೆಯ ಸಲ ಅಪಾಯದ ಗಂಟೆ ಹೊಡೆಯುವಾಗ, ಚಪ್ಪಲಿ ಕಾಲಿನಿಂದ ಜಾರಿದ್ದನ್ನೂ ನೋಡದೆ.

ಮಧ್ಯಾಹ್ನ ಎರಡಕ್ಕೆ ಠಾಣೆಯಲ್ಲಿ ವಿಚಾರಣೆ. ಮಹಿಳಾ ಕಾನ್‌ಸ್ಟೇಬಲ್ ಶೀಲಾವತಿ ಪಕ್ಕದಲ್ಲಿ ಕೂತಳು. ಪೊಲೀಸರ ಎದುರಿನ ಒಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಸತ್ಯಮೂರ್ತಿ ಮೊದಲೇ ತಿಳಿಸಿದರು. ರಮಾಮಣಿ ತಲೆಯಾಡಿಸಿದಳು.

“ಸ್ವಿಚ್ ಬದಲಾಯಿಸಿದ್ದು ನೀವಾ?”

“ಹೌದು.”

“ಯಾಕೆ?”

ಅವಳು ನೀರು ಕೇಳಿದಳು. ಕುಡಿದು ಲೋಟವನ್ನು ಕೈಯಲ್ಲೇ ಹಿಡಿದುಕೊಂಡಳು.

“ಸದ್ದು ನಿಲ್ಲಲಿ ಅಂತ ಸರ್.”

“ಯಾವ ಸದ್ದು?”

“ವೈರ್‌ಲೆಸ್‌ನಲ್ಲಿ ಮುಖ ಕಾಣಲ್ಲ. ಬಟನ್ ಒತ್ತಿ, ಅನ್ನಬೇಕಾದ್ದು ಅಂದು ಬಿಟ್ಟುಬಿಡ್ತಾರೆ. ಒಬ್ಬ ಶಿಳ್ಳೆ ಹಾಕ್ತಾನೆ. ಇನ್ನೊಬ್ಬ ಇವತ್ತು ಯಾವ ಬಣ್ಣದ ಸೀರೆ ಅಂತ ಕೇಳ್ತಾನೆ. ಶುರುವಿಗೆ ಅಷ್ಟೇ ಇತ್ತು. ಆಮೇಲೆ...” ಅವಳು ಶೀಲಾವತಿಯ ಕಡೆ ನೋಡಿದಳು. “ಅದನ್ನ ಇಲ್ಲಿ ಹೇಳೋಕಾಗಲ್ಲ.”

“ಎಷ್ಟು ಕಾಲದಿಂದ?”

“ಒಂದು ವರ್ಷದ ಮೇಲಾಯ್ತು. ಎದುರಿಗೆ ಸಿಕ್ಕರೆ ಎಲ್ಲರೂ ಗುಡ್ ಮಾರ್ನಿಂಗ್ ಮೇಡಂ.”

“ಸೆಟ್ ಆಫ್ ಮಾಡಬಹುದಿತ್ತಲ್ಲ? ಸೌಂಡ್ ಕಡಿಮೆ ಮಾಡಬಹುದಿತ್ತು.”

“ಆಪರೇಟರ್ ನಿದ್ದೆ ಮಾಡಬಾರದು ಅಂತ ವಾಲ್ಯೂಮ್ ನಾಬೇ ಕಿತ್ತಿದಾರೆ. ಆಫ್ ಮಾಡಿದ್ರೆ ಗೇಟಲ್ಲಿ ದೀಪ ಹತ್ತುತ್ತೆ.”

“ಮ್ಯಾನೇಜರಿಗೆ ಹೇಳಿದ್ರಾ?”

“ಎರಡು ಸಲ. ಹುಡುಗರು ತಮಾಷೆ ಮಾಡ್ತಾರೆ, ನೀವೂ ನಕ್ಕುಬಿಡಿ ಅಂದ್ರು. ಎರಡನೇ ಸಲ ಅವರೇ ನಕ್ಕರು. ಮನೇಲಿ ಹೇಳಿದ್ರೆ ಕೆಲಸ ಬಿಡು ಅಂತಾರೆ. ನಂಗೆ ಈ ಕೆಲಸ ಇಷ್ಟ ಸರ್. ಹೋದ ವರ್ಷ ಡ್ರಮ್ಮಿಗೆ ಬೆಂಕಿ ಬಿದ್ದಾಗ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೂಗಿ ಆಚೆ ಕಳಿಸಿದ್ದು ನಾನು. ನಾನ್ಯಾಕೆ ಬಿಡಬೇಕು?”

“ಶನಿವಾರ ಏನಾಯ್ತು?”

ರಮಾಮಣಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

“ಹೋದ ತಿಂಗಳು ಕಂಪನಿ ಪಿಕ್‌ನಿಕ್ಕಿಗೆ ಮಗಳನ್ನ ಕರ್ಕೊಂಡು ಹೋಗಿದ್ದೆ. ಹತ್ತು ವರ್ಷ ಅವಳಿಗೆ. ಶನಿವಾರ ಊಟದ ಹೊತ್ತಲ್ಲಿ ಒಬ್ಬ ಅವಳ ಹೆಸರು ಹಿಡಿದು ಮಾತಾಡಿದ. ಇಡೀ ಚಾನೆಲ್‌ನಲ್ಲಿ. ಹಿಂದೆ ಇನ್ನೊಬ್ಬ ನಗ್ತಿದ್ದ. ನಾನು ಕೀ ತಗೊಂಡು ಮೇಲೆ ಹೋದೆ. ಒಂದು ಮಧ್ಯಾಹ್ನ ಅಷ್ಟೇ, ಸೋಮವಾರ ತಿರುಮಲೇಶನ್ನ ಕೇಳಿ ಸರಿಮಾಡೋಣ ಅಂದ್ಕೊಂಡೆ. ಕೆಳಗೆ ಬಂದು ಕೂತೆ. ಸದ್ದಿರಲಿಲ್ಲ. ಬಂದು ಸೇರಿದ ಮೇಲೆ ಮೊದಲನೇ ಸಲ ಅಲ್ಲಿ ಕೂತು ಟೀ ಪೂರ್ತಿ ಕುಡಿದೆ.”

“ಟ್ಯಾಂಕಿನೊಳಗೆ ಜನ ಇದ್ದದ್ದು ಗೊತ್ತಿತ್ತಾ?”

“ಇಲ್ಲ! ಟ್ಯಾಂಕಿಗೆ ಇಳಿಯೋ ಮುಂಚೆ ಪರ್ಮಿಟ್ ನನ್ನ ಟೇಬಲ್‌ಗೆ ಬರಬೇಕು. ಬಂದಿರಲಿಲ್ಲ. ಯಾರೂ ಇಲ್ಲ ಅಂತ್ಲೇ...” ಅವಳು ಲೋಟವನ್ನು ಮೇಜಿನ ಮೇಲಿಟ್ಟಳು. “ಬೆಲ್ ಹೊಡೆದಾಗ ಮೇಲೆ ಓಡಿದೆ. ಒಂದು ಸಾಲು ನೆನಪಿತ್ತು. ಇನ್ನೊಂದು ನೆನಪಾಗಲಿಲ್ಲ. ಎಷ್ಟು ತಳ್ಳಿದ್ರೂ ಬರಲಿಲ್ಲ.”

ಸತ್ಯಮೂರ್ತಿಗೆ ಅವಳ ಮಾತನ್ನು ನಂಬಬೇಕೆನ್ನಿಸಿತು. ನಂಬಿ ಕೂರುವಂತಿರಲಿಲ್ಲ. ಅದೇ ಸಂಜೆ ಬಾಷಾನ ಹೇಳಿಕೆಯನ್ನು ಮತ್ತೆ ತೆಗೆದುಕೊಂಡರು. ಶನಿವಾರ ಮಧ್ಯಾಹ್ನ ಗೇಟಿನ ಫೋನಿಗೆ ಹಿರಿಯಣ್ಣನವರೇ ಕರೆ ಮಾಡಿ ಬಾಷಾನನ್ನು ಕರೆಸಿ, ಸೋಮವಾರ ಹೊಸ ಮಾಲು ಬರುತ್ತದೆ, ಈಗಲೇ ಟ್ಯಾಂಕ್ ತೊಳೆಯಿರಿ, ಪರ್ಮಿಟ್ ಆಮೇಲೆ ಬರೆದುಕೊಳ್ಳೋಣ ಎಂದಿದ್ದರು. ಗಾಳಿ ಊದುವ ಬ್ಲೋವರ್ ಬೀಗ ಹಾಕಿದ ಸ್ಟೋರಿನಲ್ಲಿತ್ತು. ಫೋನಿನ ಬಳಿ ಇದ್ದ ಇನ್ನಿಬ್ಬರು ಕೆಲಸಗಾರರೂ ಅದನ್ನೇ ಹೇಳಿದರು.

ಗುರುವಾರ ಬೆಳಗ್ಗೆ ಇಬ್ಬರ ಬಂಧನವೂ ಆಯಿತು. ಹಿರಿಯಣ್ಣನವರನ್ನು ಅವರ ಕ್ಯಾಬಿನ್ನಿನಲ್ಲಿ ಹಿಡಿದರು.

“ಸ್ವಿಚ್ ಮುಟ್ಟಿದ್ದು ಅವಳು. ನನ್ನನ್ಯಾಕೆ ಸಾರ್?”

“ಉಸಿರಿಲ್ಲದ ಜಾಗಕ್ಕೆ ಅವನನ್ನ ಇಳಿಸಿದ್ದು ನೀವು. ಆ ಹೆಂಗಸು ಎರಡು ಸಲ ನಿಮ್ಮ ಬಾಗಿಲಿಗೆ ಬಂದಿದ್ರು.”

“ಅದು ಸಣ್ಣ ವಿಷಯ...”

“ಜೀಪ್ ಹತ್ತಿ.”

ರಮಾಮಣಿ ತಾನೇ ಠಾಣೆಗೆ ಬಂದಿದ್ದಳು. ಗಂಡ ಬಾಗಿಲ ಹೊರಗೆ ನಿಂತಿದ್ದ. ಹೆಂಡತಿ ಒಂದು ವರ್ಷ ಏನನ್ನು ಕೇಳಿಸಿಕೊಂಡಳೆಂಬುದು ಅವನಿಗೆ ಹಿಂದಿನ ರಾತ್ರಿಯಷ್ಟೇ ಗೊತ್ತಾಗಿತ್ತು. ಅವಳು ಗುರುತಿಸಿದ ದನಿಗಳ ಹೆಸರನ್ನು ಸತ್ಯಮೂರ್ತಿ ಬೇರೆ ಹಾಳೆಯಲ್ಲಿ ಬರೆದುಕೊಂಡರು. ಆ ಗಂಡಸರ ಮೇಲೆ ಹಾಕಬಹುದಾದ ಕಲಮು ಇತ್ತು, ಆದರೆ ಗಾಳಿಯಲ್ಲಿ ಹೋದ ಮಾತಿಗೆ ಸಾಕ್ಷಿ ಯಾರು? ಚಾನೆಲ್‌ನಲ್ಲಿ ಕೇಳಿದವರೆಲ್ಲ ಕೇಳಿಸಲಿಲ್ಲ ಎನ್ನುತ್ತಿದ್ದರು. ಆದರೂ ಬರೆದರು.

ಕೋರ್ಟಿನ ವ್ಯಾನು ಬರುವುದು ತಡವಾಯಿತು. ಬೆಂಚಿನ ಮೇಲೆ ಶೀಲಾವತಿಯ ಪಕ್ಕ ರಮಾಮಣಿ ಕೂತಿದ್ದಾಗ ಜೈತುನಬಿ ಬಂದಳು. ಸಂಗಪ್ಪ ತಡೆಯಲು ಹೋದ. ಸತ್ಯಮೂರ್ತಿ ಬೇಡವೆಂದು ಕೈ ಮಾಡಿದರು. ವಿಷಯವೆಲ್ಲ ಅವಳಿಗೆ ಬಾಷಾನಿಂದ ತಿಳಿದಿತ್ತು. ಎದುರು ನಿಂತು ಆ ಹೆಂಗಸನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಸಿಟ್ಟಿನ ಮುಖವಾಗಿರಲಿಲ್ಲ ಅದು.

“ನಿನಗ ಹೊಲಸು ಮಾತಾಡಿದವ್ರಾಗ ನಮ್ಮವ್ರೂ ಇದ್ರೇನ?”

ರಮಾಮಣಿ ತಲೆಯೆತ್ತಿದಳು. “ಇಲ್ಲ. ಅಲ್ಲಾನ ಆಣೆ ಅಂತ ಬೇಕಾದ್ರೆ ಹೇಳ್ತೀನಿ. ಅವರು ಕೆಲಸದ ಮಾತು ಬಿಟ್ಟು ಒಂದು ಮಾತು ಆಡಿದವರಲ್ಲ. ಪಾಳಿ ಮುಗಿದಾಗ ಖುದಾ ಹಾಫಿಜ್ ಬೆಹನ್ ಅಂತಿದ್ರು, ತಂಗೀಗೆ ಹೇಳೋ ಹಾಗೆ. ಅವರ ದನಿ ನಂಗೆ ಚೆನ್ನಾಗಿ ಗೊತ್ತು.”

ವ್ಯಾನಿನ ಹಾರ್ನು ಕೇಳಿಸಿತು. ಶೀಲಾವತಿ ಎದ್ದು ರಮಾಮಣಿಯ ತೋಳು ಹಿಡಿದಳು.

“ಹಂಗಾದ್ರ,” ಎಂದಳು ಜೈತುನಬಿ, “ಅವ್ರ ದನೀನೂ ಯಾಕ ಬಂದ್ ಮಾಡಿದಿ ತಂಗಿ?”

ವ್ಯಾನಿನ ಬಾಗಿಲವರೆಗೂ ರಮಾಮಣಿ ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಲೇ ಹೋದಳು. ಜೈತುನಬಿ ಮೊದಲ ದಿನ ಕೂತಿದ್ದ ಮೆಟ್ಟಿಲಿನ ಮೇಲೆ ಕೂರದೆ, ಸತ್ಯಮೂರ್ತಿಯವರಿಗೆ ಒಂದು ಸಲಾಂ ಮಾಡಿ, ಬಿಸಿಲಲ್ಲಿ ರೈಲ್ವೆ ಸ್ಟೇಷನ್ನಿನ ಕಡೆ ನಡೆದುಹೋದಳು.